ಮೇಲಕ್ಕೆ ಬೆಳೆಯುವ ಬೇರುಗಳು

ನವಿ ಮುಂಬೈಯ ಐರೋಲಿಯಲ್ಲಿ ಠಾಣೆ ಖಾರಿಯ ದಡಕ್ಕೆ ಇಳಿತದ ಹೊತ್ತಿನಲ್ಲಿ ಹೋದರೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸುತ್ತ ಕೆಸರಿನ ತುಂಬ ಪೆನ್ಸಿಲ್ ಗಾತ್ರದ ಕಡ್ಡಿಗಳು ನೆಟ್ಟಗೆ ನಿಂತಿರುವುದು ಕಾಣುತ್ತದೆ. ಸಸಿಗಳಂತೆ ತೋರುವ ಇವು ಬೇರುಗಳು. ಮರಾಠಿಗರು ತಿವರ ಎನ್ನುವ ಅವಿಸೆನಿಯಾ ಮರೀನಾ ಮುಂಬೈಯಲ್ಲಿ ಹೇರಳವಾಗಿರುವ ಕಾಂಡ್ಲಾ. ಆಳುದ್ದಕ್ಕಿಂತ ತುಸು ಎತ್ತರದ ಒಂದೇ ಮರಕ್ಕೆ ಇಂಥ ಹತ್ತು ಸಾವಿರ ಬೇರುಗಳಿರಬಹುದು.

ಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ನೀರು-ಲವಣ ಹೀರುತ್ತದೆ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಅದು ಉಸಿರಾಡುತ್ತದೆ ಎಂಬುದು ಮಾತ್ರ ಮರೆತುಹೋಗುತ್ತದೆ. ಬೇರಿನ ಜೀವಕೋಶಗಳಿಗೂ ಆಮ್ಲಜನಕ ಬೇಕು. ತೋಟದಲ್ಲಿ ಅದು ಮಣ್ಣಿನ ಕಣಗಳ ಸಂದಿಯಿಂದ ಸಿಗುತ್ತದೆ. ಬಾಲ್ಕನಿಯ ಕುಂಡದಲ್ಲಿ ನೀರು ನಿಂತರೆ ಗಿಡ ಕೊಳೆಯುವುದು ಆ ಸಂದಿಗಳು ಮುಚ್ಚಿದ್ದರಿಂದ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಖಾರಿಯ ಕೆಸರನ್ನು ಸ್ವಲ್ಪ ಕೆದಕಿದರೆ ಸಾಕು, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿ ಗಾಳಿಯಿಲ್ಲ.

ಆದ್ದರಿಂದ ತಿವರದ ಬೇರುಗಳು ಆಳಕ್ಕಿಳಿಯದೆ ಅಡ್ಡಡ್ಡ ಹರಡಿ, ಅಲ್ಲಲ್ಲಿ ಉಸಿರುಬೇರುಗಳನ್ನು ಮೇಲಕ್ಕೆ ಕಳಿಸುತ್ತವೆ. ಅವುಗಳ ತೊಗಟೆಯಲ್ಲಿ ಸಣ್ಣ ರಂಧ್ರಗಳಿವೆ, ಒಳಗೆ ಗಾಳಿ ತುಂಬಿದ ಸಡಿಲ ಅಂಗಾಂಶ. ಉಬ್ಬರ ಬಂದು ನೀರು ಮುಚ್ಚಿದಾಗ ಒಳಗಿನ ಆಮ್ಲಜನಕ ಖರ್ಚಾಗುತ್ತದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿಹೋಗುತ್ತದೆ. ಹೀಗೆ ಬೇರಿನೊಳಗೆ ಒತ್ತಡ ಇಳಿಯುತ್ತದೆ. ನೀರು ಸರಿದು ರಂಧ್ರಗಳು ಬಯಲಾದ ಕೂಡಲೇ ಗಾಳಿ ತಾನಾಗಿ ಒಳನುಗ್ಗುತ್ತದೆ. 1955ರಲ್ಲಿ ವಿಜ್ಞಾನಿ ಶೋಲಾಂಡರ್ ಮತ್ತು ಸಂಗಡಿಗರು ಕಾಂಡ್ಲಾ ಬೇರುಗಳ ರಂಧ್ರಗಳಿಗೆ ಗ್ರೀಸ್ ಮೆತ್ತಿ ನೋಡಿದರು: ಕೆಸರಿನೊಳಗಿನ ಬೇರಿನಲ್ಲಿ ಆಮ್ಲಜನಕ ಕುಸಿಯಿತು. ಸಮುದ್ರದ ಏರಿಳಿತವನ್ನೇ ಉಸಿರಾಟಕ್ಕೆ ದುಡಿಸಿಕೊಳ್ಳುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆ.

ಕಡಲ ನೀರಿನ ಉಪ್ಪಿನ ಬಹುಪಾಲನ್ನು ತಡೆಯುವುದೂ ಬೇರುಗಳೇ. ನುಸುಳಿ ಬಂದದ್ದನ್ನು ಎಲೆಗಳು ಹೊರಹಾಕುತ್ತವೆ. ಎಲೆಗೆ ನಾಲಗೆ ಸೋಕಿಸಿದರೆ ಉಪ್ಪುಪ್ಪು.

ಇಂಥ ಮರವನ್ನು ಕೊಲ್ಲಲು ಕೊಡಲಿಯೇ ಬೇಕಿಲ್ಲ. ಕಟ್ಟಡ ಒಡೆದ ಮಣ್ಣು-ಇಟ್ಟಿಗೆ ಸುರಿದು ಉಸಿರುಬೇರು ಹೂತರೆ, ಅಥವಾ ಒಡ್ಡು ಕಟ್ಟಿ ಉಬ್ಬರದ ನೀರು ಹಿಂದೆ ಸರಿಯದಂತೆ ಮಾಡಿದರೆ, ಒಂದು ಕೊಂಬೆಯನ್ನೂ ಕಡಿಯದೆ ಮರ ಒಣಗುತ್ತದೆ. ಬಾಂಬೆ ಹೈಕೋರ್ಟು 2018ರ ತೀರ್ಪಿನಲ್ಲಿ ಕಾಂಡ್ಲಾ ಕಡಿಯುವುದರ ಜೊತೆಗೆ ಅಲ್ಲಿ ಕಸ, ಕಟ್ಟಡದ ಅವಶೇಷ ಸುರಿಯುವುದನ್ನೂ ನಿಷೇಧಿಸಿದ್ದು ಅತ್ಯಗತ್ಯವಾಗಿತ್ತು. ಸುರಿದ ರಾಶಿಯನ್ನು ಬೇಗ ತೆಗೆಯುವುದೂ ಅಷ್ಟೇ ಅಗತ್ಯ. ಹೂತುಹೋದ ಬೇರು ಹೆಚ್ಚು ದಿನ ಕಾಯಲಾರದು.