ಸೊಪ್ಪಿನ ಬೆಟ್ಟವೂ ತೈಲದ ಬಾವಿಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಕಂಡವರಿಗೆ ಅವುಗಳ ಮಗ್ಗುಲಿನ ಸೊಪ್ಪಿನ ಬೆಟ್ಟವೂ ಪರಿಚಿತವೇ. ಬೆಟ್ಟದ ನೆಲ ಸರ್ಕಾರದ್ದು. ತೋಟದ ಗೊಬ್ಬರಕ್ಕೆ ಬೇಕಾದ ಹಸಿರು ಸೊಪ್ಪನ್ನೂ ದರಕು ಎಂದು ಕರೆಯುವ ತರಗೆಲೆಯನ್ನೂ ಅಲ್ಲಿಂದ ತರುವ ಸವಲತ್ತು ತೋಟಿಗನದು. ಬ್ರಿಟಿಷರ ಆಳ್ವಿಕೆಯಲ್ಲಿ ಕಾನೂನಿನ ರೂಪ ಪಡೆದ ಈ ಸವಲತ್ತು ಇಂದಿಗೂ ಉಳಿದುಬಂದಿದೆ. ಬೆಟ್ಟದ ಮರಗಳನ್ನು ಕಡಿದು ಮಾರುವ ಹಕ್ಕು ಮಾತ್ರ ಅವನಿಗಿಲ್ಲ.

ಅಡಿಕೆಯ ಸಸಿ ಫಲ ಕೊಡಲು ಹಲವು ವರ್ಷಗಳು ಬೇಕು. ನಾಳೆ ಬೆಟ್ಟ ಕೈತಪ್ಪೀತೆಂಬ ಅಂಜಿಕೆಯಿದ್ದರೆ ತೋಟ ಹಾಕುವವರಾರು? ಬೆಟ್ಟವನ್ನೇ ಅವನಿಗೆ ಬರೆದುಕೊಟ್ಟರೆ ನಾಡಿನ ಕಾಡು ಉಳಿದೀತೆ? ಒಡೆತನ ನಾಡಿನದು, ಬಳಕೆ ದುಡಿಯುವವನದು; ಇವೆರಡರ ನಡುವೆ ನಿಲ್ಲುವುದು ಕಾನೂನು. ಇದೇ ಸಮಸ್ಯೆ ತೈಲೋದ್ಯಮದಲ್ಲಿ ಬೃಹದಾಕಾರ ತಾಳುತ್ತದೆ.

ತೈಲದ ಬಾವಿ ಕೊರೆಯಲು, ಶುದ್ಧೀಕರಣ ಕಾರ್ಖಾನೆ ಕಟ್ಟಲು ಅಪಾರ ಹಣ ಬೇಕು. ಹಾಗೆ ನೆಲದಲ್ಲಿ ಹೂಡಿದ ಹಣವನ್ನು ಮರಳಿ ಹೊತ್ತೊಯ್ಯಲಾಗದು. ಹಣವೂ ತಾಂತ್ರಿಕ ಜ್ಞಾನವೂ ಸಾಲದ ಬೆಳೆಯುವ ದೇಶಗಳು ವಿದೇಶಿ ಕಂಪನಿಗಳನ್ನು ಕರೆದಾಗ ಅವು ಕೆಲವು ಭರವಸೆಗಳನ್ನು ಕೇಳುತ್ತವೆ: ಪರಿಹಾರವಿಲ್ಲದೆ ಆಸ್ತಿಯನ್ನು ವಶಪಡಿಸಿಕೊಳ್ಳಬಾರದು, ಲಾಭವನ್ನು ಸ್ವದೇಶಕ್ಕೆ ಕಳುಹಿಸಲು ಅಡ್ಡಿಯಿರಬಾರದು, ವಿವಾದ ಬಂದರೆ ಇಬ್ಬರಿಗೂ ಸೇರದ ಮಧ್ಯಸ್ಥರು ತೀರ್ಮಾನಿಸಬೇಕು.

ಸ್ವತಂತ್ರ ಭಾರತವೂ ಇಂಥ ಭರವಸೆ ನೀಡಿತ್ತು. 1951ರಲ್ಲಿ ಇರಾನ್ ದೇಶವು ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದ್ದರಿಂದ ತೈಲ ಕಂಪನಿಗಳು ಕಳವಳಗೊಂಡಿದ್ದವು. 1951ರಿಂದ 1953ರ ಅವಧಿಯಲ್ಲಿ ಭಾರತವು ಸ್ಟ್ಯಾಂಡರ್ಡ್ ವ್ಯಾಕ್ಯೂಮ್, ಬರ್ಮಾ ಷೆಲ್, ಕ್ಯಾಲ್ಟೆಕ್ಸ್ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. ಅವುಗಳ ಕಾರ್ಖಾನೆಗಳನ್ನು 25 ವರ್ಷ ವಶಪಡಿಸಿಕೊಳ್ಳುವುದಿಲ್ಲವೆಂದೂ ಕಚ್ಚಾ ತೈಲವನ್ನು ಅವು ತಮಗೆ ಬೇಕಾದಲ್ಲಿಂದ ತರಿಸಬಹುದೆಂದೂ ಒಪ್ಪಿತು. ಅದರ ಫಲವಾಗಿ ಮುಂಬಯಿಯ ಟ್ರಾಂಬೆಯಲ್ಲಿ ಎರಡು, ವಿಶಾಖಪಟ್ಟಣದಲ್ಲಿ ಒಂದು ಶುದ್ಧೀಕರಣ ಕಾರ್ಖಾನೆಗಳು ತಲೆಯೆತ್ತಿದವು.

ಆದರೆ ಕೊಟ್ಟ ಮಾತು ಕೊಟ್ಟವನ ಕೈಯನ್ನೇ ಕಟ್ಟುವುದೂ ಉಂಟು. 1960ರಲ್ಲಿ ಸೋವಿಯತ್ ಒಕ್ಕೂಟವು ಕಡಿಮೆ ಬೆಲೆಗೆ ಕಚ್ಚಾ ತೈಲ ಕೊಡಲು ಮುಂದೆ ಬಂದಿತು. ಅದನ್ನು ಶುದ್ಧೀಕರಿಸಲು ಈ ಕಂಪನಿಗಳು ಒಪ್ಪಲಿಲ್ಲ. ಒತ್ತಾಯಿಸಲು ಒಪ್ಪಂದ ಎಡೆಗೊಡಲಿಲ್ಲ. ಭಾರತ ಮಾತು ಮುರಿಯದೆ, ಸರ್ಕಾರಿ ತೈಲ ಸಂಸ್ಥೆಗಳನ್ನು ಬೆಳೆಸುವ ದಾರಿ ಹಿಡಿಯಿತು. ದೇಶದ ನೈಸರ್ಗಿಕ ಸಂಪತ್ತಿನ ಮೇಲೆ ಆ ದೇಶಕ್ಕೇ ಪರಮಾಧಿಕಾರ, ಆದರೆ ವಶಪಡಿಸಿಕೊಂಡ ಆಸ್ತಿಗೆ ತಕ್ಕ ಪರಿಹಾರ ಸಲ್ಲಬೇಕು ಎಂದು 1962ರಲ್ಲಿ ವಿಶ್ವಸಂಸ್ಥೆ ಸಾರಿತು. 1974ರಿಂದ 1977ರ ನಡುವೆ ಭಾರತವು ಆ ವಿದೇಶಿ ಉದ್ಯಮಗಳನ್ನು ಕಾನೂನು ರಚಿಸಿ, ಹಣ ತೆತ್ತು ತನ್ನದಾಗಿಸಿಕೊಂಡಿತು. ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಸಂಸ್ಥೆಗಳು ಹೀಗೆ ರೂಪುಗೊಂಡವು.

ಕಾಲ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. 1994ರಲ್ಲಿ ಭಾರತವು ಬ್ರಿಟನ್ನಿನೊಡನೆ ಬಂಡವಾಳ ರಕ್ಷಣೆಯ ಒಡಂಬಡಿಕೆ ಮಾಡಿಕೊಂಡಿತು. ರಾಜಸ್ಥಾನದಲ್ಲಿ ತೈಲ ಶೋಧಿಸಿದ ಬ್ರಿಟನ್ನಿನ ಕೇರ್ನ್ ಕಂಪನಿಯು 2006ರಲ್ಲಿ ನಡೆಸಿದ ವ್ಯವಹಾರಕ್ಕೆ, 2012ರ ಕಾನೂನು ತಿದ್ದುಪಡಿಯ ಆಧಾರದಿಂದ ಮುಂದೆ ತೆರಿಗೆ ವಿಧಿಸಲಾಯಿತು. ಕಂಪನಿ ಮಧ್ಯಸ್ಥರ ಮೊರೆಹೊಕ್ಕಿತು. 2020ರ ಡಿಸೆಂಬರಿನಲ್ಲಿ ತೀರ್ಪು ಭಾರತದ ವಿರುದ್ಧ ಬಂದಿತು. 2021ರಲ್ಲಿ ಸಂಸತ್ತು ಅಂಥ ಹಿಂದಿನ ವ್ಯವಹಾರಗಳ ಮೇಲಿನ ತೆರಿಗೆಯನ್ನು ಕೈಬಿಟ್ಟಿತು; ವಸೂಲಾದ ಹಣ ಹಿಂದಿರುಗಿತು. ಇದಕ್ಕೂ ಮುನ್ನವೇ ಭಾರತವು ಹಳೆಯ ಒಡಂಬಡಿಕೆಗಳಲ್ಲಿ ಬಹುಪಾಲನ್ನು ಕೊನೆಗೊಳಿಸಲು ತೊಡಗಿತ್ತು. ಮಧ್ಯಸ್ಥರ ಬಳಿ ಹೋಗುವ ಮೊದಲು ಕಂಪನಿಗಳು ಭಾರತದ ನ್ಯಾಯಾಲಯಗಳಲ್ಲಿ ಪರಿಹಾರ ಅರಸಬೇಕೆಂಬುದು ಅದು ಸಿದ್ಧಪಡಿಸಿದ ಹೊಸ ಮಾದರಿಯ ನಿಯಮ.

ಭರವಸೆ ತೀರ ಕಡಿಮೆಯಾದರೆ ಬಂಡವಾಳ ಬಾರದು. ಮಿತಿ ಮೀರಿದರೆ ಪ್ರಜೆಗಳ ಹಿತಕ್ಕಾಗಿ ಕಾನೂನು ಮಾಡುವ ಸ್ವಾತಂತ್ರ್ಯವೇ ಕುಗ್ಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ವ್ಯಕ್ತಿಗಳಿಗಷ್ಟೇ ಅಲ್ಲ, ರಾಷ್ಟ್ರಗಳಿಗೂ ಸಲ್ಲುತ್ತದೆ. ಕೊಡುವ ಮುನ್ನ ಮಾತನ್ನು ಅಳೆಯಬೇಕು. ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಬೇಕು.