ಡಬ್ಬದಲ್ಲಿ ಬರುವ ರೇಸ್ ಸೈಕಲ್ಲು, ಕಾಲಿಗೆ ಹೊಂದೀತೆ?

ಮೈಸೂರಿನ ರಿಂಗ್ ರೋಡಿನಲ್ಲಿ ಬೆಳಗಿನ ಜಾವ ಹಾಲಿನ ವ್ಯಾನುಗಳ ಜತೆಗೆ ಈಗ ಇನ್ನೊಂದು ಜಾತಿಯ ಗಾಡಿಯೂ ಕಾಣಿಸುತ್ತದೆ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಕೊನೆಗೆ ಒಂದು ಸ್ಟ್ಯಾಂಡೂ ಇಲ್ಲ! "ಇಷ್ಟು ದುಡ್ಡು ಸುರಿದು ಸ್ಟ್ಯಾಂಡಿಲ್ಲದ ಸೈಕಲ್ ತಗೊಂಡ್ರಾ ಸಾರ್?" ಎಂದು ಟೀ ಅಂಗಡಿಯವನು ಕೇಳಿದರೆ ಅವನದೇನೂ ತಪ್ಪಿಲ್ಲ. ತುಳಿಯುವವರು ಬ್ಯಾಂಕಿನವರು, ಸಾಫ್ಟ್‌ವೇರಿನವರು, ಕಾಲೇಜಿನ ಹುಡುಗ ಹುಡುಗಿಯರು. ಏನು ವಿಶೇಷ ಅಂದರೆ 'ಟ್ರಯಥ್ಲಾನ್' ಎಂಬ ಉತ್ತರ ಬರುತ್ತದೆ.

ಮೊದಲು ಈಜು, ಆಮೇಲೆ ಸೈಕಲ್ಲು, ಕೊನೆಗೆ ಓಟ. ನಡುವೆ ವಿಶ್ರಾಂತಿ ಇಲ್ಲ. ಒಲಿಂಪಿಕ್ ಲೆಕ್ಕದಲ್ಲಿ ಈಜು 1.5 ಕಿ.ಮೀ., ಸೈಕಲ್ಲು 40 ಕಿ.ಮೀ., ಓಟ 10 ಕಿ.ಮೀ. ಹೊಸಬರಿಗೆ ಇದರ ಅರ್ಧದಷ್ಟು ದೂರದ 'ಸ್ಪ್ರಿಂಟ್' ಇದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ತುಳಿದು, 21.1 ಕಿ.ಮೀ. ಓಡಿ ಮುಗಿಸಿದ ಸುದ್ದಿ ಬಂದ ಮೇಲಂತೂ ಈ ಪದ ಸಿಟಿ ಬಸ್ಸಿನಲ್ಲೂ ಕೇಳಿಬರತೊಡಗಿದೆ.

ಮೈಸೂರಿನವರಿಗೆ ಅನುಕೂಲವೂ ಇದೆ. ಈಜಲು ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಕೊಳವಿದೆ. ರಿಂಗ್ ರೋಡನ್ನು ಒಂದು ಸುತ್ತು ಹಾಕಿದರೆ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚೇ ಆಗುತ್ತದೆ. ಏರು ಬೇಕೆಂದವರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಓಡಲು ಕಾಲಿದೆ. ಜೇಬಿಗೆ ಕೈ ಹಾಕಿಸುವುದು ಸೈಕಲ್ಲು ಮಾತ್ರ.

ಎಷ್ಟು ದುಡ್ಡು, ಎಂಥ ಮಾಲು?

ಆನ್‌ಲೈನ್ ಅಂಗಡಿಗಳಲ್ಲಿ ಹದಿನೈದು ಸಾವಿರದೊಳಗೆ 'ರೋಡ್ ಬೈಕ್' ಎಂದು ಫೋಟೋ ಹಾಕಿರುವ ಮಾಲು ಬೇಕಾದಷ್ಟಿದೆ. ಹ್ಯಾಂಡಲ್ಲು ಬಾಗಿರುತ್ತದೆ ನಿಜ. ಆದರೆ ಬಹುಪಾಲು ಭಾರದ ಕಬ್ಬಿಣದ ಫ್ರೇಮು, ಹೆಸರಿಲ್ಲದ ಗೇರು. ಅಭ್ಯಾಸಕ್ಕೆ ತಾಳುವ ಅಲ್ಯುಮಿನಿಯಂ ಫ್ರೇಮಿನ ಸೈಕಲ್ಲು ಬೇಕೆಂದರೆ ಇಪ್ಪತ್ತೈದರಿಂದ ನಲವತ್ತು ಸಾವಿರ ಎತ್ತಿಡಬೇಕಾಗುತ್ತದೆ. ಗೇರಿನ ಹೆಸರು ನೋಡಿದರೆ ದರ್ಜೆ ಗೊತ್ತಾಗುತ್ತದೆ. ಶಿಮಾನೋ ಕಂಪನಿಯದಾದರೆ ಟೂರ್ನಿ ಕೆಳಗಿನ ಮೆಟ್ಟಿಲು, ಅದರ ಮೇಲೆ ಕ್ಲಾರಿಸ್, ಆಮೇಲೆ ಸೋರಾ. ಮೊದಲ ಸ್ಪ್ರಿಂಟಿಗೆ ಕ್ಲಾರಿಸ್ ಧಾರಾಳವಾಗಿ ಸಾಕು. ಮೊದಲ ದಿನವೇ ಲಕ್ಷಗಟ್ಟಲೆ ಬೆಲೆಯ ಟ್ರಯಥ್ಲಾನ್ ಸೈಕಲ್ಲು ನೋಡುವುದು ಈಜು ಬರುವ ಮುಂಚೆ ದೋಣಿ ಕೊಂಡ ಹಾಗೆ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ಸಾಲನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ರೇಟಿನಲ್ಲಲ್ಲ, ಸೈಜಿನಲ್ಲಿ. 'ಇನ್ನು ಎರಡೇ ಉಳಿದಿವೆ' ಎಂಬ ಕೆಂಪಕ್ಷರ ಕಂಡ ಕೂಡಲೇ ಗುಂಡಿ ಒತ್ತಿಬಿಡುತ್ತಾರೆ. ಷರ್ಟಿನ ಹಾಗೆ 'ಮೀಡಿಯಂ' ಅಂದರೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂದುಕೊಂಡರೆ ಕೆಟ್ಟಿತು. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕವನ್ನು ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಬೇಕು. ಬಂದ ಸೆಂಟಿಮೀಟರನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಸಿಗುತ್ತದೆ. 80 ಸೆಂ.ಮೀ. ಕಾಲಿಗೆ 53, 54ರ ಫ್ರೇಮು. ಇದನ್ನು ಕಂಪನಿಯ ಅಳತೆಪಟ್ಟಿಯ ಜತೆ ಹೋಲಿಸಿ ನೋಡಿದ ಮೇಲೆ ಆರ್ಡರು. ಅಳತೆಪಟ್ಟಿಯೇ ಇಲ್ಲದ ಸೈಕಲ್ಲನ್ನು ಎಷ್ಟೇ ಸೋಡಿ ಸಿಕ್ಕಿದರೂ ಮುಟ್ಟದಿರುವುದೇ ಕ್ಷೇಮ. ದೊಡ್ಡ ಫ್ರೇಮು ತುಳಿದವರ ಕತ್ತು, ಸೊಂಟ, ಮಂಡಿ ಒಂದೊಂದಾಗಿ ದೂರು ಹೇಳುತ್ತವೆ. ನಲವತ್ತು ಕಿ.ಮೀ. ತುಳಿದು ಇಳಿದ ಮೇಲೆ ಇನ್ನೂ ಓಡಬೇಕಲ್ಲ!

ಡಬ್ಬ ಬಿಚ್ಚುವವರು ಯಾರು?

ಸೈಕಲ್ಲು ಬರುವುದು ಪೂರ್ತಿಯಾಗಿ ಅಲ್ಲ. ಮುಂದಿನ ಚಕ್ರ, ಹ್ಯಾಂಡಲ್ಲು, ಸೀಟು, ಪೆಡಲು ಬೇರೆ ಬೇರೆ. ಎಡಗಡೆಯ ಪೆಡಲಿನ ಮರೆ ಉಲ್ಟಾ ಎಂಬುದು ಸೈಕಲ್ ರಿಪೇರಿಯವನಿಗೆ ಹುಟ್ಟಿನಿಂದಲೇ ಗೊತ್ತು. ಮನೆಯಲ್ಲಿ ಸ್ಪ್ಯಾನರ್ ಹಿಡಿದ ಯಜಮಾನರಿಗೆ ಗೊತ್ತಿರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಂ ಕ್ರ್ಯಾಂಕಿನ ಮರೆ ಸವೆದು ಹಾಳು. ಡಬ್ಬದಲ್ಲಿ ಹಿಡಿಸಲೆಂದು ಹಿಂದಕ್ಕೆ ತಿರುಗಿಸಿಟ್ಟ ಫೋರ್ಕನ್ನು ಹಾಗೇ ಬಿಟ್ಟು ಹ್ಯಾಂಡಲ್ಲು ಬಿಗಿದು, ಮುಂದಿರಬೇಕಾದ ಬ್ರೇಕು ಹಿಂದಾಗಿ, ತಿರುವಿನಲ್ಲಿ ಓಲಾಡುವ ಸೈಕಲ್ಲುಗಳೂ ರಸ್ತೆಯಲ್ಲಿವೆ. ಟ್ಯೂಬಿನ ವಾಲ್ವು ಕೂಡ ಬೇರೆ ನಮೂನೆ, ಸಪೂರ. ಬೀದಿಯ ಪಂಪು ಅದಕ್ಕೆ ಕೂರುವುದಿಲ್ಲ. ಪುಟ್ಟದೊಂದು ಹಿತ್ತಾಳೆ ಅಡಾಪ್ಟರ್ ಸೀಟಿನ ಚೀಲದಲ್ಲಿರಬೇಕು.

ಆಗ ನೆನಪಾಗುವುದು ಊರಿನ ಸೈಕಲ್ ಷಾಪು. "ತಗೊಂಡ ಕಡೇನೇ ಫಿಟ್ ಮಾಡಿಸ್ಕೊಳ್ಳಿ ಸ್ವಾಮಿ" ಎಂದು ಅಲ್ಲಿ ಮುಖ ತಿರುಗಿಸುವುದುಂಟು. ಅವರ ಸಿಟ್ಟಿಗೂ ಕಾರಣವಿದೆ. ಗಿರಾಕಿ ಬರುತ್ತಾನೆ, ಅರ್ಧ ಗಂಟೆ ಸೈಕಲ್ಲು ಹತ್ತಿ ಇಳಿದು ಸೈಜು ತಿಳಿದುಕೊಳ್ಳುತ್ತಾನೆ, "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೋದವನು ಎರಡು ಸಾವಿರ ಕಡಿಮೆ ಅಂತ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಾನೆ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಕಟ್ಟುವವರು ಷಾಪಿನವರು. ಹಾಗೆಂದು ಗಿರಾಕಿಯನ್ನೇ ಪೂರಾ ಬೈಯುವುದೂ ಸರಿಯಲ್ಲ. ಒಂದೊಂದು ಮಾಡಲ್ಲಿಗೂ ನಾಲ್ಕೈದು ಸೈಜು ತರಿಸಿಟ್ಟು ಲಕ್ಷಗಟ್ಟಲೆ ಬಂಡವಾಳ ಕೂಡಿಹಾಕಲು ಸಣ್ಣ ಅಂಗಡಿಗೆ ಆಗುವುದಿಲ್ಲ. ಬೇಕಾದ ಮಾಲು ಊರಲ್ಲಿ ಸಿಗದೆ ನೆಟ್ಟಿಗೆ ಹೋದವರೂ ಇದ್ದಾರೆ.

ಫಿಟ್ಟಿಂಗಿಗೆ ಇಷ್ಟು, ಗೇರ್ ಟ್ಯೂನಿಂಗಿಗೆ ಇಷ್ಟು ಎಂದು ಷಾಪಿನವರು ಬೋರ್ಡು ಹಾಕಿಬಿಟ್ಟರೆ ಕೆಲಸ ಹುಡುಕಿಕೊಂಡು ಬರುತ್ತದೆ. ಗಿರಾಕಿಯೂ ಆ ಕೂಲಿಯನ್ನು ಸೈಕಲ್ಲಿನ ಬೆಲೆಗೆ ಮೊದಲೇ ಸೇರಿಸಿ ಲೆಕ್ಕ ಹಾಕಬೇಕು. ಉಳಿಯಿತು ಅಂದುಕೊಂಡ ಎರಡು ಸಾವಿರದಲ್ಲಿ ಆಗ ಎಷ್ಟು ಉಳಿಯುತ್ತದೆಂಬುದು ಅವನಿಗೇ ಕಾಣುತ್ತದೆ. ಅಧಿಕೃತ ಮೆಕ್ಯಾನಿಕ್ ಜೋಡಿಸಿದರೆ ಮಾತ್ರ ವಾರಂಟಿ ಎನ್ನುವ ಕಂಪನಿಗಳಿರುವುದರಿಂದ ಆ ಷರತ್ತನ್ನು ಆರ್ಡರಿಗೆ ಮುಂಚೆ ಓದಿರಬೇಕು.

ಫ್ರೇಮು ನೆಗ್ಗಿ ಬಂದರೆ? ಡಬ್ಬ ಬಿಚ್ಚುವಾಗಲೇ ಮೊಬೈಲಿನಲ್ಲಿ ವಿಡಿಯೋ ಹಿಡಿದಿಟ್ಟವನು ಗೆದ್ದ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕಂಪನಿಯ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹಾರ ಮಾಡಬೇಕು. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ದೆಹಲಿಯಲ್ಲಿದ್ದರೂ 2019ರ ಕಾಯಿದೆಯಂತೆ ಕೊಂಡವನು ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವೂ ಇಲ್ಲ.

ಕೈಯಲ್ಲಿರುವ ದುಡ್ಡನ್ನೆಲ್ಲ ಸೈಕಲ್ಲಿಗೇ ಸುರಿಯುವ ಮುನ್ನ ಹೆಲ್ಮೆಟ್ಟಿಗೆ, ಹಿಂದಿನ ಕೆಂಪು ದೀಪಕ್ಕೆ ತೆಗೆದಿಡಬೇಕು. ಹೆಲ್ಮೆಟ್ ಇಲ್ಲದವರನ್ನು ಟ್ರಯಥ್ಲಾನಿನಲ್ಲಿ ಸೈಕಲ್ ಹತ್ತಲು ಬಿಡುವುದಿಲ್ಲ. ಬೆಳಗಿನ ಕತ್ತಲಲ್ಲಿ ರಿಂಗ್ ರೋಡಿನ ಲಾರಿ ಡ್ರೈವರಿಗೆ ಕಾಣುವುದು ಆ ಕೆಂಪು ದೀಪ ಒಂದೇ. ಮೊದಲ ನೂರಿನ್ನೂರು ಕಿ.ಮೀ. ಓಡಿದ ಮೇಲೆ ಗೇರಿನ, ಬ್ರೇಕಿನ ಕೇಬಲ್ಲು ಸಡಿಲಾಗುತ್ತದೆ. ಆಗ ಇನ್ನೊಮ್ಮೆ ಅದೇ ಷಾಪಿಗೆ ಹೋಗಿ ಬಿಗಿ ಮಾಡಿಸಿಕೊಂಡು ಬರಬೇಕು.