ಕಿಟಕಿಯ ಹಳೆ ಬಣ್ಣ, ಮಗುವಿನ ರಕ್ತ



2020ರ ಫೆಬ್ರವರಿಯಲ್ಲಿ ಡೊಂಬಿವಲಿ ಎಂಐಡಿಸಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನಿಮಗೆ ನೆನಪಿರಬಹುದು. ಕಣ್ಣಿಗೆ ಕಂಡಿದ್ದಕ್ಕೆ ಎಲ್ಲರೂ ಗಾಬರಿಯಾದೆವು. ಮನೆಯ ನೆಲದ ಮೇಲೆ ಸದ್ದಿಲ್ಲದೆ ಕೂರುವ ಧೂಳಿಗೆ ಯಾರೂ ಹೆದರುವುದಿಲ್ಲ. ಆ ಧೂಳಿನಲ್ಲಿ ಸೀಸವಿದ್ದರೆ ಅಂಬೆಗಾಲಿಡುವ ಮಗುವಿಗೆ ಅಪಾಯ ಅಲ್ಲೇ ಇದೆ.

ನಮ್ಮ ಥಾಣೆ, ಕಲ್ಯಾಣ್ ಕಡೆಯ ಹಳೆಯ ಚಾಳು, ಕಟ್ಟಡಗಳ ಕಿಟಕಿ ಸರಳಿಗೆ, ಬಾಗಿಲಿಗೆ ಹಚ್ಚಿದ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣ ಇನ್ನೂ ಗೋಡೆ, ಸರಳುಗಳ ಮೇಲೆಯೇ ಇದೆ. ಗಣಪತಿ ಹಬ್ಬಕ್ಕೆಂದು ಅದನ್ನು ಒಣಗಿದಂತೆಯೇ ಕೆರೆದರೆ ಮನೆ ತುಂಬ ಸೀಸದ ಪುಡಿ. ಬ್ಯಾಟರಿ, ಲೋಹದ ಕೆಲಸಕ್ಕೆ ಹೋಗುವವರ ಬಟ್ಟೆಯಲ್ಲೂ ಅದು ಒಳಗೆ ಬರುತ್ತದೆ.

ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಊರಿನಲ್ಲಿ ಅಜ್ಜಿಯಂದಿರು ತಿನ್ನಿಸುತ್ತಿದ್ದ ರಾಗಿ ಮಣ್ಣಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ! ಸೀಸ ಕಾಡುವುದು ಮಿದುಳನ್ನು. ಹೊರಗೆ ಏನೂ ಕಾಣದೆ ಇರಬಹುದು; ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿಗೆ "ಸೋಮಾರಿ" ಎಂಬ ಬೈಗುಳ ಮಾತ್ರ ಸಿಗುತ್ತದೆ. ಇಷ್ಟರ ಮಟ್ಟಿಗೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಮುಂಬಯಿ ಸೇರಿ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಆ ಕೆಲಸದ ಮುಂಚೂಣಿಯಲ್ಲಿದ್ದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಹಳೆ ಬಣ್ಣದಿಂದ ಹೋಗಿಲ್ಲ.

ಮನೆಯಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. ಒಣ ಪೊರಕೆ ಧೂಳನ್ನು ಎಬ್ಬಿಸುತ್ತದೆ. ನೆಲ, ಕಿಟಕಿಯ ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಊಟಕ್ಕೆ ಮೊದಲು ಮಗುವಿನ ಕೈ ತೊಳೆಸಿ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ. ಬಣ್ಣ ಕೆರೆಯುವಾಗ ನೀರು ಚಿಮುಕಿಸಿ, ಮಕ್ಕಳನ್ನು, ಗರ್ಭಿಣಿಯರನ್ನು ನೆಂಟರ ಮನೆಗೆ ಕಳಿಸಿ.

ಸಂಶಯವಿದ್ದರೆ ರಕ್ತದ ಸೀಸದ ಪರೀಕ್ಷೆಯೊಂದೇ ದಾರಿ. ಎಲ್ಲ ಮಕ್ಕಳಿಗೂ ಔಷಧಿ ಬೇಕಾಗುವುದಿಲ್ಲ, ಮೂಲವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ನಮ್ಮ ನೆರವು ನಿಧಿಯೋ ಆಸ್ಪತ್ರೆಯ ಬಿಲ್ಲು ಬಂದ ಮೇಲೆಯೇ ಓಡಾಡುವುದು ರೂಢಿ! ಈ ಸಲ ದೇಣಿಗೆ ಕೊಡುವಾಗ ಚೀಟಿಯ ಮೇಲೆ "ಮಕ್ಕಳ ರಕ್ತಪರೀಕ್ಷೆಗೆ" ಎಂದು ಬರೆದರೆ ಆ ಮೊತ್ತವನ್ನು ಅದಕ್ಕೇ ತೆಗೆದಿರಿಸುತ್ತೇವೆ. ಪರೀಕ್ಷೆಗೆ ಖರ್ಚು ಮಾಡಲಾಗದ ಸದಸ್ಯ ಕುಟುಂಬಗಳು ವೈದ್ಯರ ಚೀಟಿಯೊಂದಿಗೆ ಸಂಘದ ಕಚೇರಿಗೆ ಬರಬಹುದು.